ಮಖಮಲ್ಲಿನ ಕತ್ತು

ನಮ್ಮ ಅತ್ತಿಗೆಗೆ ಅಂಗಡಿಯಲ್ಲಿ ‘ಕತ್ತು’ ಎಂದೇ ಹೆಸರು. “ಕತ್ತು ಎಲ್ಲಿ? ಸ್ವಲ್ಪ ಕತ್ತನ್ನ ಕರೀರಿ” ಎಂದು ಯಜಮಾನರು ಕೂಗಿದರೆ ಇವರು ಎದ್ದು ಹೋಗಬೇಕು. ಹೊಸಬರು ಕೇಳಿದರೆ ಗಾಬರಿಯಾಗುತ್ತಾರೆ. ವಿಷಯ ಇಷ್ಟೆ. ಅದು ಒಡವೆ ಅಂಗಡಿ. ಸರ ಕೊಳ್ಳಲು ಬಂದವರು ನೇರವಾಗಿ ತಮ್ಮ ಕೊರಳಿಗೇ ಹಾಕಿಕೊಂಡು ಕನ್ನಡಿ ನೋಡಿದರೆ ಅವರಿಗೆ ಸರ ಕಾಣುವುದಿಲ್ಲ, ತಮ್ಮ ಮುಖ ಕಾಣುತ್ತದೆ. ನೋಡಿ, ಬೇಜಾರಾಗಿ, ಆಮೇಲೆ ಬರ್ತೀವಿ ಎಂದು ಎದ್ದು ಹೋಗುತ್ತಾರೆ. ಅದಕ್ಕೆ ಆ ಅಂಗಡಿಯಲ್ಲಿ ಸರವನ್ನು ಮೊದಲು ಬೇರೆಯವರ ಕತ್ತಿಗೆ ಹಾಕಿ ತೋರಿಸುವ ಪದ್ಧತಿ. ‘ಕತ್ತು ಕೊಡೋದು’ ಎನ್ನುತ್ತಾರೆ. ಅತ್ತಿಗೆ ಮದುವೆಯಾಗಿ ನಮ್ಮ ಮನೆಗೆ ಬಂದ ಹೊಸದರಲ್ಲಿ ಕತ್ತು ಕೊಡಲು ಶುರು ಮಾಡಿದವರು, ತಲೆಕೂದಲು ಬೆಳ್ಳಗಾದರೂ ಬಿಟ್ಟಿಲ್ಲ.

ನಾನು ಅವರ ಗಂಡನ ತಂಗಿ. ಮದುವೆಯಾಗಲಿಲ್ಲ, ಆ ಬಗ್ಗೆ ಯಾರೂ ಮರುಗಬೇಕಾಗಿಲ್ಲ. ಅಣ್ಣ, ಅತ್ತಿಗೆ, ನಾನು, ಮೂರೇ ಜನ. ಒಂದೇ ಬಚ್ಚಲು, ಅದರಲ್ಲೊಂದು ಕನ್ನಡಿ. ನನ್ನ ಅರ್ಧ ಆಯುಷ್ಯ ಆ ಬಚ್ಚಲ ಬಾಗಿಲು ತಟ್ಟುವುದರಲ್ಲೇ ಕಳೆದಿದೆ.

ನನ್ನ ಕೆಲಸ ಮಾತ್ರೆ ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿ. ಕಿಟಕಿಯಿಲ್ಲದ ದೊಡ್ಡ ಕೋಣೆ, ತಲೆಗೊಂದು ಟೋಪಿ, ಗಲ್ಲದವರೆಗೆ ಗುಂಡಿ ಹಾಕುವ ಬಿಳಿ ಕೋಟು. ಅದೇ ರೂಢಿಯಾಗಿ ಮನೆಯಲ್ಲಿ ತೊಡುವ ಅಂಗಿಗೂ ಮೇಲಿನ ಗುಂಡಿ ಹಾಕಿಯೇ ಇರುತ್ತೇನೆ. “ಯಾರೂ ಕದ್ಕೊಂಡು ಹೋಗಲ್ಲ ಬಿಡೆ ನಿನ್ನ ಕತ್ತನ್ನ” ಎಂದು ಅಣ್ಣ ರೇಗಿಸುತ್ತಾನೆ. ಮುಖಕ್ಕೆ ಸೋಪು, ಸೋಪಿಗೆ ನೀರು, ಇಷ್ಟು ಬಿಟ್ಟರೆ ಬೇರೆ ಆರೈಕೆ ನನಗೆ ಗೊತ್ತಿಲ್ಲ.

ಅತ್ತಿಗೆಯದು ಹಾಗಲ್ಲ. ಬೆಳಿಗ್ಗೆ ಕನ್ನಡಿ ಮುಂದೆ ನಿಂತರೆಂದರೆ ಮುಖಕ್ಕೆ ಒಂದು ಕ್ರೀಮು, ಕಣ್ಣಿನ ಕೆಳಗೆ ಇನ್ನೊಂದು, ಕೆನ್ನೆಗೆ ಮತ್ತೊಂದು. ಎಲ್ಲವೂ ಗಲ್ಲದವರೆಗೆ ಮಾತ್ರ. ಗಲ್ಲದ ಕೆಳಗೆ ಬೇರೆಯವರ ಜಮೀನು ಎನ್ನುವ ಹಾಗೆ ಅಲ್ಲಿಗೆ ಕೈ ನಿಂತುಬಿಡುತ್ತಿತ್ತು. ಕತ್ತಿಗೆ ಸಿಗುತ್ತಿದ್ದುದು ಸೆಂಟು ಒಂದೇ. ಎರಡೂ ಪಕ್ಕಕ್ಕೆ, ಎದೆಯ ಮೇಲಿನ ಗುಳಿಗೆ, ಬುಸ್ ಬುಸ್ ಎಂದು. ಅದು ಅಂಗಡಿಯ ನಿಯಮ. ಗಿರಾಕಿ ಸರದ ಕೊಂಡಿ ನೋಡಲು ಹತ್ತಿರ ಬಗ್ಗಿದಾಗ ಘಮ್ಮೆನ್ನಬೇಕಂತೆ. ಸಮವಸ್ತ್ರ ಎಂದು ಅಗಲ ಕತ್ತಿನ ಕಪ್ಪು ಅಂಗಿ. ಕೂರಲು ಎತ್ತರದ ಕುರ್ಚಿ, ಬೀದಿ ಕಡೆಯ ದೊಡ್ಡ ಗಾಜಿಗೆ ಅಂಟಿಕೊಂಡು. ಬಂಗಾರ ಬಿಸಿಲಿಗೆ ಹೊಳೆಯಬೇಕು, ದಾರಿಯಲ್ಲಿ ಹೋಗುವವರ ಕಣ್ಣು ಕುಕ್ಕಬೇಕು ಎನ್ನುವುದು ಯಜಮಾನರ ಬುದ್ಧಿವಂತಿಕೆ. ಬಂಗಾರ ಹೊಳೆಯಿತು. ಅದರ ಕೆಳಗಿದ್ದ ಚರ್ಮಕ್ಕೆ ಏನಾಯಿತು ಎಂದು ಯಾರೂ ಕೇಳಲಿಲ್ಲ. ಸಂಜೆ ಕೊನೆಯ ಸರವನ್ನೂ ಬಿಚ್ಚಿ ತಿಜೋರಿಗೆ ಕೊಟ್ಟು ಅತ್ತಿಗೆ ಬರಿಗೊರಳಲ್ಲಿ ಮನೆಗೆ ನಡೆದು ಬರುತ್ತಿದ್ದರು.

ರಗಳೆ ಶುರುವಾದದ್ದು ಒಂದು ಕರ್ಚೀಫಿನಿಂದ. ಯಾರೋ ಗಿರಾಕಿ, ಒಳ್ಳೆಯ ಮನಸ್ಸಿನ ಹೆಂಗಸೇ ಇರಬೇಕು, ಅತ್ತಿಗೆಯ ಕತ್ತಿನ ಪಕ್ಕದಲ್ಲಿದ್ದ ಕಂದು ಕಲೆ ನೋಡಿ “ಏನೋ ಮಸಿ ತಾಗಿದೆ ನೋಡಿ” ಎಂದು ತನ್ನ ಕರ್ಚೀಫಿನ ತುದಿಯನ್ನು ನೀರಿನ ಬಾಟಲಿಯಲ್ಲಿ ಅದ್ದಿ ಒರೆಸಲು ಬಂದಳು. ಒರೆಸಿದಳು. ಹೋಗಲಿಲ್ಲ. ಇನ್ನೊಂದು ಸಲ ಒರೆಸಿದಳು. ಆಮೇಲೆ ಅರ್ಥವಾಗಿ ಮುಖ ಸಣ್ಣದು ಮಾಡಿಕೊಂಡು, ಸರವನ್ನೂ ನೋಡದೆ ಹೊರಟುಹೋದಳು. ಯಜಮಾನರು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎಲ್ಲವನ್ನೂ ನೋಡಿದರು.

ಆ ವಾರವೇ ಅಂಗಡಿಗೆ ಒಂದು ಕತ್ತು ಬಂತು. ಬರೀ ಕತ್ತು ಮತ್ತು ಎದೆ, ಮೇಲೆ ತಲೆಯಿಲ್ಲ, ಕೆಳಗೆ ಹೊಟ್ಟೆಯಿಲ್ಲ. ಕಡುನೀಲಿ ಮಖಮಲ್ಲು ಹೊದಿಸಿದ ಬೊಂಬೆ. “ನೋಡಿ, ಇದಕ್ಕೆ ವಯಸ್ಸಾಗಲ್ಲ, ರಜಾ ಕೇಳಲ್ಲ” ಎಂದು ಯಜಮಾನರು ನಕ್ಕರಂತೆ. ಅತ್ತಿಗೆಗೆ ಹೇಳಿದ್ದು ಬೇರೆ: “ಮದುವೆ ಸೀಸನ್ ಶುರುವಾಗೋ ತನಕ ನೋಡೋಣ ಕಣಮ್ಮ. ನಿಮ್ಮ ಕತ್ತು ಸರಿ ಹೋಗದಿದ್ರೆ ನೀವು ಹಿಂದಿನ ರೂಮಲ್ಲಿ ಕೂತು ಡಬ್ಬಿಗಳಿಗೆ ರಿಬ್ಬನ್ ಕಟ್ಟಿ. ಆರಾಮವಾಗಿರತ್ತೆ.”

ಆ ಸಂಜೆ ಅತ್ತಿಗೆ ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತರು.

“ಹಿಂದಿನ ರೂಮಾದ್ರೇನಂತೆ ಅತ್ತಿಗೆ, ಫ್ಯಾನಿದೆ, ಕಾಲು ಚಾಚ್ಕೊಂಡು ಕೂತ್ಕೋಬಹುದು” ಎಂದೆ ನಾನು.

“ಅಲ್ಲಿ ಕೂತ್ರೆ ನಾನು ಕೈ ಅಷ್ಟೇ ಕಣೆ” ಎಂದರು. “ಎರಡು ಕೈ. ರಿಬ್ಬನ್ ಕಟ್ಟೋ ಕೈ ಯಾರದಾದ್ರೂ ಆಗತ್ತೆ. ಇಷ್ಟು ವರ್ಷ ನನ್ನ ಕರೀತಿದ್ದ ಹೆಸರೇ ಹೋಗ್ಬಿಡತ್ತೆ.”

ಅಣ್ಣ ಪೇಪರಿನಿಂದ ತಲೆ ಎತ್ತಿ ಹೆಂಡತಿಯ ಕತ್ತು ನೋಡಿದ. “ಚೆನ್ನಾಗೇ ಇದೆಯಲ್ಲ” ಎಂದ. ಅವನು ಬಸ್ಸು ಓಡಿಸಿ ನಿವೃತ್ತನಾದವನು. ರಸ್ತೆ ಬಿಟ್ಟು ಬೇರೆ ಏನನ್ನೂ ಅವನು ಸರಿಯಾಗಿ ನೋಡಿದವನಲ್ಲ.

ಅಲ್ಲಿಂದ ಮುಂದೆ ನಮ್ಮ ಮನೆ ಮನೆಯಾಗಿ ಉಳಿಯಲಿಲ್ಲ. ಊಟಕ್ಕೆ ಕೂತು ಮೊಸರಿನ ಪಾತ್ರೆಗೆ ಕೈ ಹಾಕಿದರೆ ಪಾತ್ರೆ ಖಾಲಿ. ಮೊಸರು ಅತ್ತಿಗೆಯ ಕತ್ತಿನ ಮೇಲೆ ಒಣಗುತ್ತಿರುತ್ತಿತ್ತು. ಜೇನುತುಪ್ಪ ಹೋಯಿತು. ಸೌತೆಕಾಯಿ ಹೋಯಿತು. ಕತ್ತನ್ನು ಕೆಳಗಿನಿಂದ ಮೇಲಕ್ಕೆ ತಿಕ್ಕಬೇಕು ಎಂದು ಯಾರೋ ಹೇಳಿದರಂತೆ, ಪಾತ್ರೆ ತಿಕ್ಕುವ ನಾರಿನಂಥದ್ದೊಂದನ್ನು ತಂದು ಚರ್ಮ ಕೆಂಪಾಗುವಷ್ಟು ತಿಕ್ಕಿದರು. ಎದೆಯ ಮೇಲೆ ಉದ್ದುದ್ದ ಗೆರೆ ಬೀಳುವುದು ಮಗ್ಗುಲಾಗಿ ಮಲಗುವುದರಿಂದ ಎಂದು ಎಲ್ಲೋ ಓದಿದ ಮೇಲೆ ಅಂಗಾತ ಮಲಗುವ ವ್ರತ ಹಿಡಿದರು. ಎರಡೂ ಪಕ್ಕಕ್ಕೆ ದಿಂಬಿನ ಕೋಟೆ. ಅಂಗಾತ ಮಲಗಿದರೆ ಅವರು ಗೊರಕೆ ಹೊಡೆಯುತ್ತಾರೆ ಎನ್ನುವುದು ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ. ಅಣ್ಣ ಚಾಪೆ ಎತ್ತಿಕೊಂಡು ನಡುಮನೆಗೆ ಬಂದ. ನಡುಮನೆಯಲ್ಲಿ ಅವನು ಗೊರಕೆ ಹೊಡೆದ. ಎರಡರ ನಡುವಿನ ಕೋಣೆ ನನ್ನದು.

“ಅತ್ತಿಗೆ, ನಿಮ್ಮ ಕತ್ತು ಸರಿ ಹೋಗೋದ್ರೊಳಗೆ ನನ್ನ ತಲೆ ಕೆಟ್ಟು ಹೋಗತ್ತೆ” ಎಂದು ಗಂಟಲು ಹರಿದುಕೊಂಡೆ. ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಕೇಳಿಸಿಕೊಳ್ಳುತ್ತಿತ್ತೇನೋ. ಮಾರನೆಯ ದಿನ ಅತ್ತಿಗೆ ನಿಂಬೆಹಣ್ಣು ಹಿಂಡಿ ಕತ್ತಿಗೂ ಎದೆಗೂ ಬಳಿದುಕೊಂಡು ಅಂಗಡಿಗೆ ಹೋಗಿ ಅದೇ ಗಾಜಿನ ಪಕ್ಕ ಕೂತರು. ಸಂಜೆಗೆ ಉರಿ. ಎರಡು ದಿನ ಬಿಟ್ಟು ನೋಡಿದರೆ ಹಳೆಯ ಕಲೆಯ ಪಕ್ಕದಲ್ಲಿ ರಸ ಹರಿದ ದಾರಿಯುದ್ದಕ್ಕೂ ಹೊಸ ಕಲೆ ಎದ್ದಿತ್ತು. ನೋಡಿ ನನಗೆ ಅಳು ಬಂತೋ ಸಿಟ್ಟು ಬಂತೋ ಹೇಳಲಾರೆ. ಕಾರ್ಖಾನೆಗೆ ರಜೆ ಹಾಕಿ, ರೆಟ್ಟೆ ಹಿಡಿದು ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಡಾಕ್ಟರು ಹೆಂಗಸು. ಕನ್ನಡಕವನ್ನು ಹಣೆಗೇರಿಸಿ ಭೂತಗನ್ನಡಿ ಹಿಡಿದು ನೋಡಿದರು. “ಮುಖ ಇಷ್ಟು ಚೆನ್ನಾಗಿಟ್ಕೊಂಡಿದೀರ, ಕತ್ತೇನು ಮಲಮಗುವಾ?” ಎಂದರು.

ನಾನು ಅತ್ತಿಗೆಯನ್ನು ನೋಡಿದೆ. ಅತ್ತಿಗೆ ಗೋಡೆಯನ್ನು ನೋಡಿದರು.

“ಮುಖದ ಚರ್ಮಕ್ಕಿಂತ ಕತ್ತು, ಎದೆ ಮೇಲಿಂದು ತೆಳು. ಎಣ್ಣೆ ಪಸೆನೂ ಕಮ್ಮಿ. ಮುಖಕ್ಕೆ ಏನು ಹಚ್ತೀರೋ ಅದನ್ನ ಇಲ್ಲೀ ತನಕ ಇಳಿಸ್ಬೇಕು” ಎಂದು ಎದೆಯ ಮೇಲೆ ಬೆರಳಿಟ್ಟು ತೋರಿಸಿದರು. “ಬಿಸಿಲಲ್ಲಿ ಕೆಲಸನಾ?”

“ಇಲ್ಲಪ್ಪ, ನಾನು ಅಂಗಡಿ ಒಳಗೇ ಕೂತಿರೋದು.”

“ಗಾಜಿಗೆ ಅಂಟ್ಕೊಂಡು” ಎಂದೆ ನಾನು.

“ಗಾಜಿಂದ ಬಿಸಿಲು ಒಳಗೆ ಬರಲ್ವಾ? ಸೆಂಟ್ ಎಲ್ಲಿಗೆ ಹಾಕ್ಕೊಳ್ತೀರಿ?”

ಅತ್ತಿಗೆ ಹೆಮ್ಮೆಯಿಂದ ಕತ್ತಿನ ಎರಡೂ ಪಕ್ಕ, ಎದೆಯ ಗುಳಿ ತೋರಿಸಿದರು. ಕಲೆಗಳಿದ್ದದ್ದು ಸರಿಯಾಗಿ ಅಲ್ಲೇ. ಬೆರಳು ಕಲೆಯ ಮೇಲೆ ಇದ್ದ ಹಾಗೇ ಅವರಿಗೆ ಹೊಳೆಯಿತು. ಕೈ ಕೆಳಗಿಳಿಯಿತು.

“ಕೆಲವು ಸೆಂಟ್ ಬಿಸಿಲಿಗೆ ಬಿದ್ರೆ ಚರ್ಮ ಕಪ್ಪು ಮಾಡತ್ತೆ. ನಿಂಬೆನೂ ಅಷ್ಟೇ. ಎರಡೂ ನಿಲ್ಸಿ. ತಿಕ್ಕೋದು ನಿಲ್ಸಿ. ಬಿಸಿಲು ತಡೆಯೋ ಈ ಕ್ರೀಮನ್ನ ಬೆಳಿಗ್ಗೆ ಒಂದ್ಸಲ, ಮಧ್ಯಾಹ್ನ ಮತ್ತೊಂದ್ಸಲ ಧಾರಾಳವಾಗಿ ಹಚ್ಚಿ. ಹೊರಗೆ ಹೋದ್ರೆ ಸ್ಕಾರ್ಫ್.”

“ಹೋಗ್ಬಿಡತ್ತಾ ಡಾಕ್ಟ್ರೇ? ಮದುವೆ ಸೀಸನ್ ಒಳಗೆ?”

“ಕಲೆ ತಿಳಿಯಾಗತ್ತೆ, ತಿಂಗಳಾನುಗಟ್ಲೆ ಬೇಕು. ಗೆರೆ ಹೋಗಲ್ಲ. ವಯಸ್ಸು ಅಂತ ಒಂದಿರತ್ತಲ್ಲ.”

ಅಲ್ಲಿಂದ ನಡೆದೇ ಮನೆಗೆ ಹೊರಟೆವು. ನಮ್ಮ ಬೀದಿಯ ತಿರುವಿನಲ್ಲಿ “ಸೆಂಟ್ ಯಜಮಾನ್ರೇ ಕೊಡ್ತಿದ್ರು ಕಣೆ. ಖಾಲಿಯಾದ ಕೂಡ್ಲೇ ಹೊಸ ಬಾಟ್ಲಿ” ಎಂದರು ಅತ್ತಿಗೆ. ಯಜಮಾನರ ಮೇಲೆ ಬಾಯಿಗೆ ಬಂದ ಬೈಗುಳವನ್ನು ನುಂಗಿಕೊಂಡೆ.

ಇನ್ನಾದರೂ ನೆಮ್ಮದಿ ಎಂದುಕೊಂಡರೆ, ಎಲ್ಲಿ ಬಂತು? ಅತ್ತಿಗೆ ಏನನ್ನೂ ಅಳತೆಯಲ್ಲಿ ಮಾಡಿದವರೇ ಅಲ್ಲ. ಬಿಸಿಲಿನ ಕ್ರೀಮನ್ನು ಸುಣ್ಣ ಬಳಿದ ಹಾಗೆ ಬಳಿದುಕೊಂಡರು. ಪೇಪರ್ ಓದುತ್ತಿದ್ದ ಅಣ್ಣನ ಕತ್ತಿಗೂ ಹಚ್ಚಿದರು. ಅವನು “ಚೆನ್ನಾಗೇ ಇದೆಯಲ್ಲ” ಎಂದು ಹಚ್ಚಿಸಿಕೊಂಡ. ಸ್ಕಾರ್ಫು ಬೀದಿಯಲ್ಲಿ ಸುತ್ತಿಕೊಂಡದ್ದು ಅಂಗಡಿಯೊಳಗೂ ಬಿಚ್ಚಲಿಲ್ಲ. ಬಿಸಿಲಿಗೆ ಎಂದರು. ನಿಜವೇನೆಂದರೆ, ಆ ಕರ್ಚೀಫಿನ ದಿನದಿಂದ ಅವರಿಗೆ ಗಿರಾಕಿಗಳ ಮುಂದೆ ಕತ್ತು ತೆರೆಯಲು ಭಯ. ಕತ್ತು ಕೊಡಬೇಕಾದವರು ಕತ್ತು ಮುಚ್ಚಿಕೊಂಡು ಕೂತರೆ ಯಜಮಾನರು ಏನು ಮಾಡಿಯಾರು? ಸರಗಳನ್ನೆಲ್ಲ ಮಖಮಲ್ಲಿಗೆ ಹಾಕತೊಡಗಿದರು. ತಮ್ಮ ಕಾಲಿಗೆ ತಾವೇ ಕೊಡಲಿ ಹಾಕಿಕೊಳ್ಳುವವರಿಗೆ ಯಾವ ಡಾಕ್ಟರು ಔಷಧಿ ಬರೆಯುತ್ತಾರೆ?

ಒಂದು ದಿನ ಅತ್ತಿಗೆ, ಮಧ್ಯಾಹ್ನ ಹಚ್ಚುವ ಟ್ಯೂಬನ್ನು ಮನೆಯಲ್ಲೇ ಬಿಟ್ಟು ಹೋಗಿದ್ದರು. ನನಗೆ ವಾರದ ರಜೆ. ಉರಿಬಿಸಿಲಲ್ಲಿ ಟ್ಯೂಬು ಹಿಡಿದು, ಮನಸ್ಸಿನಲ್ಲೇ ಸಹಸ್ರನಾಮ ಮಾಡುತ್ತ ಅಂಗಡಿಗೆ ಹೋದೆ. ಒಳಗೆ ಕಾಲಿಡುವ ಹೊತ್ತಿಗೆ ಬೆವರು ಕಿತ್ತುಕೊಂಡು ಬರುತ್ತಿತ್ತು. ಎಂದೂ ಬಿಚ್ಚದವಳು ಮೇಲಿನ ಎರಡು ಗುಂಡಿ ಬಿಚ್ಚಿ, ಕಾಲರ್ ಎಳೆದು ಕೈಯಿಂದ ಗಾಳಿ ಹಾಕಿಕೊಂಡೆ.

ಮಖಮಲ್ಲಿನ ಮುಂದೆ ಗಿರಾಕಿ ಹೆಂಗಸೊಬ್ಬರು ಕೂತಿದ್ದರು. ಅತ್ತಿಗೆಯ ವಯಸ್ಸಿನವರೇ, ದಪ್ಪ ಕನ್ನಡಕ. ಬೊಂಬೆಯ ಮೇಲಿದ್ದ ಮೂರೆಳೆ ಸರವನ್ನು ನೋಡಿ, “ಇದು ಕಪಾಟಲ್ಲಿಟ್ಟ ಹಾಗಿದೆ. ಮನುಷ್ಯರ ಮೇಲೆ ಹೇಗೆ ಕಾಣತ್ತೆ?” ಎಂದು ಕೇಳುತ್ತಿದ್ದರು. ಯಜಮಾನರು ಅತ್ತಿಗೆಯ ಸ್ಕಾರ್ಫ್ ನೋಡಿದರು, ನಿಟ್ಟುಸಿರು ಬಿಟ್ಟರು, ತಿರುಗಿ ನನ್ನನ್ನು ನೋಡಿದರು. ಮುಖವನ್ನಲ್ಲ. ಕತ್ತನ್ನು.

“ಅಬ್ಬ, ಒಂದು ಗೆರೆಯಿಲ್ಲ” ಎಂದರು. “ನೀವು ಇವರ ನಾದಿನಿ ಅಲ್ವಾ? ಒಂದ್ನಿಮಿಷ ಕತ್ತು ಕೊಡ್ತೀರಾ?”

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಬಿಸಿಲು ಕಾಣದ ಕೋಣೆಯಲ್ಲಿ ಕೋಟಿನೊಳಗೆ ಕೊಳೆತ ನನ್ನ ಕತ್ತು, ಸೋಪು ಬಿಟ್ಟು ಬೇರೆ ಕಾಣದ ಕತ್ತು, ಈ ಅಂಗಡಿಗೆ ಬೇಕಾಯಿತೆ? ಬೇಡ ಎಂದು ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆಯೇ ಬಂದು ನನ್ನ ಭುಜ ಒತ್ತಿ ಕೂರಿಸಿದರು. “ಕೂತ್ಕೊ. ಗಿರಾಕಿ ಕಾಯ್ತಿದಾರೆ” ಎಂದರು, ಅವರದಲ್ಲದ ದನಿಯಲ್ಲಿ. ಬೊಂಬೆಯಿಂದ ಸರ ಬಿಚ್ಚಿ ತಾವೇ ನನ್ನ ಕತ್ತಿಗೆ ಹಾಕಿದರು. ಕೊಂಡಿ ಹಾಕಿ ಎರಡು ಹೆಜ್ಜೆ ಹಿಂದೆ ಸರಿದರು.

ಕನ್ನಡಿಯಲ್ಲಿ ನೋಡಿಕೊಂಡೆ. ಕತ್ತು ಚೆನ್ನಾಗಿಯೇ ಇತ್ತು, ಯಾಕೆ ಸುಳ್ಳು ಹೇಳಲಿ. ಆದರೆ ಭುಜ ಎರಡೂ ಕಿವಿಯ ಹತ್ತಿರಕ್ಕೆ ಏರಿದ್ದವು. ಉಸಿರು ಬಿಗಿಹಿಡಿದಿದ್ದೆ. ಸರ ಒಂದು ಕಡೆಗೆ ಜಾರಿತ್ತು. ನೆಟ್ಟಗೆ ಮಾಡಲು ಹೋಗಿ ಇನ್ನೊಂದು ಕಡೆಗೆ ಎಳೆದೆ.

ಗಿರಾಕಿ ಬಹಳ ಹೊತ್ತು ನೋಡಿದರು. “ಕತ್ತು ಚೆನ್ನಾಗಿದೆ” ಎಂದರು. “ಸರ ಕಾಣ್ತಿಲ್ಲ.”

ಯಜಮಾನರು ಕೆಮ್ಮಿದರು. ಗಿರಾಕಿ ಅತ್ತಿಗೆಯತ್ತ ತಿರುಗಿ, “ನೀವು ಮುಂಚೆ ತೋರಿಸ್ತಿದ್ರಿ ಅಲ್ವಾ? ನಮ್ಮಕ್ಕಂಗೆ ಸರ ತೊಗೊಂಡಾಗ ನೀವೇ ಇದ್ರಿ. ನೀವು ಹಾಕ್ಕೊಳ್ಳಿ ನೋಡೋಣ” ಎಂದರು.

ಅತ್ತಿಗೆಯ ಕೈ ಸ್ಕಾರ್ಫಿನ ಗಂಟಿಗೆ ಹೋಗಿ ಅಲ್ಲೇ ನಿಂತಿತು. “ನನ್ನ ಕತ್ತು ಈಗ ಸರಿಯಿಲ್ಲಮ್ಮ” ಎಂದರು.

“ನಂದೇನು ಸರಿಯಿದೆಯಾ? ಸರ ಹಾಕ್ಕೊಳ್ಳೋದು ಇದರ ಮೇಲೆ ತಾನೆ?” ಎಂದು ಆಕೆ ಕೊರಳು ಮುಂದೆ ಚಾಚಿದರು. ಗೆರೆಯ ಮೇಲೆ ಗೆರೆ.

ನನಗೆ ಇನ್ನು ತಡೆಯಲಾಗಲಿಲ್ಲ. “ಆ ಸ್ಕಾರ್ಫ್ ಬಿಚ್ಚಿ ಅತ್ತಿಗೆ, ನನ್ನ ಪ್ರಾಣ ತಿನ್ಬೇಡಿ. ಈ ಭಾರ ಹೊತ್ಕೊಂಡು ಕೂರಕ್ಕೆ ನನ್ನ ಕೈಲಾಗಲ್ಲ” ಎಂದೆ.

ಅತ್ತಿಗೆ ಸ್ಕಾರ್ಫ್ ಬಿಚ್ಚಿದರು. ಕ್ರೀಮು ಎಲ್ಲೆಲ್ಲೋ ಬಿಳಿಯಾಗಿ ಉಳಿದಿತ್ತು, ಕಲೆಗಳು ಹಾಗೇ ಇದ್ದವು. ನನ್ನ ಕತ್ತಿನಿಂದ ಸರ ತೆಗೆದು ತಾವು ಹಾಕಿಕೊಂಡರು. ಆಮೇಲೆ ಅವರು ಮಾಡಿದ್ದು ಇಷ್ಟೆ: ಗಿರಾಕಿಯ ಮುಖ ನೋಡದೆ ಸ್ವಲ್ಪ ಪಕ್ಕಕ್ಕೆ ನೋಡಿದರು, ಭುಜ ಇಳಿಸಿದರು, ಉಸಿರನ್ನು ನಿಧಾನವಾಗಿ ಹೊರಗೆ ಬಿಟ್ಟರು. ಮೂರೆಳೆಯೂ ಒಂದರ ಕೆಳಗೊಂದು ತಾವಾಗಿಯೇ ಹೋಗಿ ಕೂತವು. ಅತ್ತಿಗೆ ಅಲ್ಲಿಂದ ಎದ್ದು ಹೋದ ಹಾಗೆ, ಸರವೊಂದೇ ಉಳಿದ ಹಾಗೆ ಕಂಡಿತು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಅವರು ಕೆಲಸ ಮಾಡುವುದನ್ನು ನಾನು ನೋಡಿದ್ದು ಅದೇ ಮೊದಲು.

“ಇದೇ ಕೊಡಿ” ಎಂದರು ಗಿರಾಕಿ.

ಅವರು ಹೋದ ಮೇಲೆ ಯಜಮಾನರು ಕೈ ಉಜ್ಜಿಕೊಳ್ಳುತ್ತ ಬಂದರು. “ನೋಡಿ, ನೀವು ಮೊದಲಿನ ಜಾಗದಲ್ಲೇ ಇರಿ. ನಿಮ್ಮ ನಾದಿನಿನೂ ಬರಲಿ, ಒಂದಷ್ಟು ದಿನ ಕಲೀತಾರೆ.”

“ನನ್ನ ಕತ್ತು ಮಾರಾಟಕ್ಕಿಲ್ಲ” ಎಂದು ಗುಂಡಿ ಹಾಕಿಕೊಂಡೆ.

ಅತ್ತಿಗೆ ಮಾತ್ರ ನಿಂತಲ್ಲೇ ನಿಂತು, “ಮೊದಲಿನ ಜಾಗ ಬೇಡ” ಎಂದರು. “ಕುರ್ಚಿ ಗಾಜಿನ ಹತ್ತಿರದಿಂದ ತೆಗೀರಿ. ಒಳಗೆ, ದೀಪದ ಕೆಳಗೆ ಹಾಕಿ. ಇನ್ಮೇಲೆ ಸೆಂಟ್ ಹಾಕ್ಕೊಳ್ಳಲ್ಲ. ಆಗತ್ತೆ ಅಂದ್ರೆ ಕತ್ತು ಕೊಡ್ತೀನಿ.”

ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಮನೆಯಲ್ಲಿ ಹಾಲಿನವನ ಜೊತೆ ಜಗಳ ಆಡಲೂ ನನ್ನನ್ನೇ ಮುಂದೆ ತಳ್ಳುವ ಹೆಂಗಸು ಇವರು. ಯಜಮಾನರು ಗೊಣಗಿದರು, ತಲೆ ಕೆರೆದುಕೊಂಡರು, ಕಡೆಗೆ ಕುರ್ಚಿ ಒಳಗೆ ಬಂತು. ಗಾಜಿನ ಹತ್ತಿರ ಖಾಲಿಯಾದ ಜಾಗಕ್ಕೆ ಮಖಮಲ್ಲಿನ ಕತ್ತನ್ನು ಇಟ್ಟರು.

ಮದುವೆ ಸೀಸನ್ ಬಂತು, ಹೋಯಿತು. ಅತ್ತಿಗೆ ದೀಪದ ಕೆಳಗೆ ಕೂತು ಕತ್ತು ಕೊಟ್ಟರು. ವಯಸ್ಸಾದ ಗಿರಾಕಿಗಳು ಅವರನ್ನೇ ಕೇಳಿಕೊಂಡು ಬಂದರು. ಕಲೆ ಅಷ್ಟಿಷ್ಟು ತಿಳಿಯಾಯಿತು. ಗೆರೆಗಳು ಡಾಕ್ಟರು ಹೇಳಿದ ಹಾಗೇ ಎಲ್ಲೂ ಹೋಗಲಿಲ್ಲ. ಮನೆಯಲ್ಲಿ ಮೊಸರು ಮತ್ತೆ ಊಟಕ್ಕೆ ಸಿಗತೊಡಗಿತು. ದಿಂಬಿನ ಕೋಟೆ, ಗೊರಕೆ ಮಾತ್ರ ಈಗಲೂ ಇವೆ.

ಮೊನ್ನೆ ರಜೆಯ ದಿನ ಬೆಳಿಗ್ಗೆ ನಾನು ಎಂದಿನಂತೆ ಬಚ್ಚಲ ಬಾಗಿಲು ಬಡಿದೆ. ಬಾಗಿಲು ತೆರೆದೇ ಇತ್ತು. ಅತ್ತಿಗೆ ಕನ್ನಡಿ ಮುಂದೆ ನಿಂತು, ಮುಖದ ಕ್ರೀಮನ್ನು ಗಲ್ಲ ದಾಟಿಸಿ, ಕತ್ತು ದಾಟಿಸಿ, ಎದೆಯವರೆಗೆ ನಿಧಾನವಾಗಿ ಇಳಿಸುತ್ತಿದ್ದರು.

“ಯಜಮಾನ್ರು ಅಂಗಡಿ ಗಾಜಿಗೆ ಪರದೆ ಹಾಕ್ಸಿದ್ರು ಕಣೆ” ಎಂದರು. “ಹೊರಗೂ ಒಂದು ನೆರಳಿನ ತಗಡು ಇಳಿಬಿಟ್ಟಿದಾರೆ. ಈಗ ಒಂಚೂರೂ ಬಿಸಿಲು ಬರಲ್ಲ.”

“ಅಂತೂ ಬುದ್ಧಿ ಬಂತಾ? ನಿಮ್ಮನ್ನ ನೋಡಿ?”

“ಇಲ್ಲ. ಮಖಮಲ್ಲಿನ ಬಣ್ಣ ಹೋಗ್ತಿತ್ತು. ಕತ್ತಿನ ಹತ್ತಿರ ಬೆಳ್ಳಗೆ ಕಲೆ ಬಿದ್ದಿತ್ತು, ಅವರೇ ನೋಡಿದ್ರು. ಮಾರನೇ ದಿನವೇ ಪರದೆಯವರನ್ನ ಕರೆಸಿದ್ರು.”

ನನ್ನ ನೆತ್ತಿ ಉರಿದುಹೋಯಿತು. ಒಂದು ಬಟ್ಟೆಯ ತುಂಡು. ಇಷ್ಟು ವರ್ಷ ಆ ಗಾಜಿಗೆ ಒಂದು ಬಟ್ಟೆಯ ತುಂಡು ಇಳಿಬಿಡಲು ಆ ಮನುಷ್ಯನ ಕೈಗೇನಾಗಿತ್ತು? ಬೊಂಬೆಗೆ ಒಂದೇ ದಿನದಲ್ಲಿ ಮರುಗಿದವನಿಗೆ ಅದರ ಮೊದಲು ಅಲ್ಲಿ ಕೂತಿದ್ದ ಹೆಂಗಸು ಕಾಣಲಿಲ್ಲವೆ? ಈಗಲೇ ಹೋಗಿ ಅವನ ಕುತ್ತಿಗೆಪಟ್ಟಿ ಹಿಡಿದು ಕೇಳುತ್ತೇನೆ ಎಂದು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅತ್ತಿಗೆ ನನ್ನನ್ನು ತಡೆಯಲಿಲ್ಲ, ಕನ್ನಡಿಯಿಂದ ಕಣ್ಣನ್ನೂ ತೆಗೆಯಲಿಲ್ಲ.

“ಬೊಂಬೇನ ಅವರು ದುಡ್ಡು ಕೊಟ್ಟು ತಂದಿದ್ದು ಕಣೆ” ಎಂದರು. “ನನ್ನ ಕತ್ತು ನಾನೇ ಮನೆಯಿಂದ ತೊಗೊಂಡು ಹೋಗ್ತಿದ್ದೆ.”

ಹೇಳಿ, ನನ್ನ ಕಾಲರಿನ ಗುಂಡಿ ಬಿಚ್ಚಿ, ಅಂಗೈಯಲ್ಲಿ ಉಳಿದಿದ್ದ ಕ್ರೀಮನ್ನು ನನ್ನ ಕತ್ತಿಗೆ ಹಚ್ಚಿದರು. ನಾನು ಗಲ್ಲ ಎತ್ತಿ ಹಚ್ಚಿಸಿಕೊಂಡೆ.